ಕೆಟ್ಟ ಡಿಸ್ಕನ್ನು ತೆಗೆಯುವ ಮೊದಲು: ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿಯ ಅನುಭವ

ನಮ್ಮ ಅಕ್ಷರ ಜೋಡಣೆ ಕಚೇರಿಯ ಕಂಪ್ಯೂಟರಿನಲ್ಲಿರುವ ಎರಡು ಹಾರ್ಡ್ ಡಿಸ್ಕುಗಳಲ್ಲಿ ಒಂದು ಕಳೆದ ತಿಂಗಳು ಕೈಕೊಟ್ಟಿತು. ಅದನ್ನು ತೆಗೆಸಿ ಹೊಸದನ್ನು ಹಾಕಿಸಿಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರ ಒಪ್ಪಿಗೆ ಕೇಳಿಲ್ಲವಾದ್ದರಿಂದ ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರು ಕೆಲಸ ಮಾಡಿದ ಕ್ರಮವನ್ನು ಮಾತ್ರ ಸಾಧ್ಯವಾದಷ್ಟು ವಿವರವಾಗಿ ಬರೆಯುತ್ತೇನೆ. ಇದೇ ಕೆಲಸಕ್ಕೆ ಬೇರೆ ಯಾವುದೋ ಊರಿನ ಬೇರೆ ಯಾವುದೋ ಅಂಗಡಿಯ ಮೆಟ್ಟಿಲು ಹತ್ತುವವರಿಗೆ, ಎದುರಿಗೆ ಕುಳಿತವರು ಕೆಲಸ ಬಲ್ಲವರೋ ಅಲ್ಲವೋ ಎಂದು ಅಳೆಯಲು ಅದು ಉಪಯೋಗಕ್ಕೆ ಬರಬಹುದು.

ಮೊದಲು ನಮ್ಮ ಯಂತ್ರದ ವಿಚಾರ. ಚಾಮರಾಜಪೇಟೆಯಲ್ಲಿ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡಿಕೊಡುವುದು ನಮ್ಮ ಕಸುಬು. ಯೂನಿಕೋಡ್ ಬರುವ ಮೊದಲಿನ ನುಡಿ ಅಕ್ಷರಗಳಲ್ಲಿ, ಪೇಜ್‌ಮೇಕರಿನಲ್ಲಿ ಮಾಡಿಟ್ಟ ಹಳೆಯ ಕಡತಗಳಿಂದ ಹಿಡಿದು ನಿನ್ನೆ ಸಂಜೆ ಕರಡು ತಿದ್ದಿದ ಕಾದಂಬರಿಯವರೆಗೆ ಎಲ್ಲವೂ ವಿಂಡೋಸ್ ಬದಲು ಲಿನಕ್ಸ್ ಹಾಕಿರುವ ಒಂದೇ ಯಂತ್ರದಲ್ಲಿವೆ. ಅದರಲ್ಲಿ 4 ಟಿಬಿಯ ಎರಡು ಡಿಸ್ಕುಗಳು ಒಂದಕ್ಕೊಂದು ಕನ್ನಡಿಯಂತೆ ನಡೆಯುತ್ತವೆ; ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಅದೇ ಕ್ಷಣದಲ್ಲಿ ದಾಖಲಾಗುತ್ತದೆ. ಒಂದು ಕೆಟ್ಟರೂ ಕೆಲಸ ನಿಲ್ಲದಿರಲಿ ಎಂಬುದು ಈ ಏರ್ಪಾಡಿನ ಉದ್ದೇಶ. ತಪ್ಪಾಗಿ ಅಳಿಸಿದ ಕಡತವೂ ಎರಡೂ ಕಡೆ ಒಟ್ಟಿಗೇ ಅಳಿಸಿಹೋಗುತ್ತದಾದ್ದರಿಂದ ಇದನ್ನು ಬ್ಯಾಕಪ್ ಎಂದು ನಂಬಿ ಕೂರುವಂತಿಲ್ಲ ಎನ್ನುವುದು ನಮಗೆ ಸ್ವಲ್ಪ ತಡವಾಗಿ ತಿಳಿಯಿತು.

ಈ ಅಂಗಡಿಯನ್ನು ಹುಡುಕಿಕೊಂಡು ಹೋಗಲು ಕಾರಣವಾದದ್ದು ಮೂರು ವರ್ಷದ ಹಿಂದೆ ಬೇರೊಂದು ಕಡೆ ಆದ ಎಡವಟ್ಟು. ಆಗಲೂ ಒಂದು ಡಿಸ್ಕು ಕೆಟ್ಟಿತ್ತು. ಅದು ಜೋಡಿಯಿಂದ ಹೊರಬಿದ್ದು 41 ದಿನವಾಗಿದ್ದರೂ ಎಚ್ಚರಿಕೆಯ ಇಮೇಲ್ ಬರುವಂತೆ ನಾವು ಏರ್ಪಾಡು ಮಾಡಿರಲಿಲ್ಲವಾದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಆ ಪಾಲಿನ ತಪ್ಪು ನಮ್ಮದೇ. ಕಚೇರಿಗೇ ಬಂದ ತಂತ್ರಜ್ಞರು ಕ್ಯಾಬಿನೆಟ್ ಬಿಚ್ಚಿ, ಮೇಲಿನದು ಮೊದಲನೆಯದು, ಕೆಳಗಿನದು ಎರಡನೆಯದು ಎಂದು ಎಣಿಸಿ, ಎರಡನೆಯದನ್ನು ಎಳೆದು ಚೀಲಕ್ಕೆ ಹಾಕಿಕೊಂಡು, ಹೊಸದನ್ನು ಸಿಕ್ಕಿಸಿ, 20 ನಿಮಿಷದಲ್ಲಿ ಹಣ ಪಡೆದು ಹೊರಟುಹೋದರು. ಯಂತ್ರ ಸರಾಗವಾಗಿ ಶುರುವಾಯಿತು. ಕಡತಗಳೆಲ್ಲ ಇದ್ದಂತೆಯೇ ಕಂಡವು. ಎರಡು ದಿನದ ಮೇಲೆ ಅಚ್ಚಿಗೆ ಹೋಗಬೇಕಿದ್ದ ಪುಸ್ತಕವೊಂದನ್ನು ತೆರೆದಾಗ ಅದರ ಕೊನೆಯ ಆರು ಅಧ್ಯಾಯಗಳೇ ಇರಲಿಲ್ಲ.

ಆದದ್ದಿಷ್ಟು: ಅವರು ಎಳೆದು ಒಯ್ದದ್ದು ಒಳ್ಳೆಯ ಡಿಸ್ಕು. ಒಳಗೆ ಉಳಿದದ್ದು 41 ದಿನದ ಹಿಂದೆಯೇ ಹೊರಬಿದ್ದಿದ್ದ, ಹಾಗಾಗಿ 41 ದಿನದ ಹಿಂದಿನ ಸ್ಥಿತಿಯಲ್ಲೇ ನಿಂತುಹೋಗಿದ್ದ ಡಿಸ್ಕು. ಹೋಲಿಸಿ ನೋಡಲು ಜೊತೆಗಾರ ಇಲ್ಲದಿದ್ದಾಗ ಅದು ತನ್ನನ್ನೇ ಸರಿಯೆಂದು ಭಾವಿಸಿ ಎದ್ದು ಕುಳಿತಿತು, ಹೊಸ ಡಿಸ್ಕೂ ಅದನ್ನೇ ನೋಡಿ ನಕಲು ಮಾಡಿಕೊಂಡಿತು. ಒಯ್ದ ಡಿಸ್ಕನ್ನು ಕೇಳಿಕೊಂಡು ಹೋಗುವಷ್ಟರಲ್ಲಿ ಅದು ಗುಜರಿ ಸೇರಿತ್ತು. ಲೇಖಕರಿಗೆ ಕಳಿಸಿದ್ದ ಪಿಡಿಎಫ್‌ಗಳಿಂದ, ಕೆಂಪು ಶಾಯಿಯಲ್ಲಿ ತಿದ್ದಿದ ಕರಡು ಹಾಳೆಗಳಿಂದ, ಮತ್ತೆ ಕೂತು ಕೀಲಿಸಿದ್ದರಿಂದ ಬಹುಪಾಲು ಹಿಂದಿರುಗಿತು. ಎಲ್ಲವೂ ಬರಲಿಲ್ಲ.

ಹಾಗಾಗಿ ಈ ಸಲ ಕ್ಯಾಬಿನೆಟ್ಟನ್ನೇ ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಎಸ್.ಪಿ. ರಸ್ತೆಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಬೋರ್ಡುಗಳಲ್ಲಿ ಉಳಿದಿರಬಹುದು, ಬಾಯಲ್ಲಿ ಉಳಿದಿಲ್ಲ. ಅಂಗಡಿ ಇರುವುದು ಎರಡನೆಯ ಮಹಡಿಯಲ್ಲಿ, ಎದುರಿಗೆ ಬಂದವರಿಗೆ ಗೋಡೆಗೆ ಒತ್ತಿ ನಿಂತು ದಾರಿ ಬಿಡಬೇಕಾದಂತಹ ಮೆಟ್ಟಿಲಿನ ಕೊನೆಯಲ್ಲಿ. ಒಂದೇ ಕೋಣೆ, ಒಬ್ಬ ಮಾಲೀಕರು, ಒಬ್ಬ ಹುಡುಗ, ರಬ್ಬರ್ ಹಾಸಿದ ಒಂದು ಮೇಜು.

ಮಾಲೀಕರು ಸ್ಕ್ರೂಡ್ರೈವರಿಗೆ ಕೈ ಹಾಕಲಿಲ್ಲ, ಯಂತ್ರಕ್ಕೆ ಕರೆಂಟನ್ನೂ ಕೊಡಲಿಲ್ಲ. ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತೇ ಎಂದು ಕೇಳಿದರು. ಹಾಗೆ ಸದ್ದು ಮಾಡುವ ಡಿಸ್ಕಿನಲ್ಲಿ ಓದುವ ತಲೆಯೇ ಹಾಳಾಗಿರುವ ಸಂಭವವಿದ್ದು, ಪ್ರತಿ ಸಲ ಚಾಲೂ ಮಾಡಿದಾಗಲೂ ತಟ್ಟೆಯ ಮೇಲೆ ಇನ್ನಷ್ಟು ಗೀರು ಬೀಳಬಹುದು ಎಂದೂ, ಅದರಲ್ಲಿರುವುದು ಬೇರೆಲ್ಲೂ ಇಲ್ಲದ ಮಾಹಿತಿಯಾಗಿದ್ದರೆ ತಾವು ಮುಟ್ಟದೆ, ಡಿಸ್ಕನ್ನು ಬಿಚ್ಚಲು ಬೇಕಾದ ದೂಳಿಲ್ಲದ ಸ್ವಚ್ಛ ಕೋಣೆಯ ಸೌಲಭ್ಯ ಇರುವವರ ಬಳಿಗೆ ಕಳಿಸುವುದಾಗಿಯೂ ಹೇಳಿದರು. ನಮ್ಮದರಲ್ಲಿ ಸದ್ದಿರಲಿಲ್ಲ. ಎರಡನೆಯ ಪ್ರಶ್ನೆ ಬ್ಯಾಕಪ್ ಎಲ್ಲಿದೆ, ಎಷ್ಟು ಹಳೆಯದು ಎಂಬುದು. ಮನೆಯಲ್ಲಿ 12 ದಿನದ ಹಿಂದಿನದಿದೆ ಎಂದೆ. ಕೆಟ್ಟ ಡಿಸ್ಕನ್ನು ತೆಗೆದ ಮೇಲೆ ಹೊಸದು ತುಂಬಿಕೊಳ್ಳುವವರೆಗೂ ಉಳಿದ ಒಂದೇ ಡಿಸ್ಕು ಬಿಡುವಿಲ್ಲದೆ ಓದಿಸಿಕೊಳ್ಳುತ್ತಿರುತ್ತದೆ, ಅದೂ ಇದರ ಜೊತೆಗೇ ಕೊಂಡದ್ದು, ಇದರಷ್ಟೇ ದುಡಿದದ್ದು, ಆದ್ದರಿಂದ ಇಂದಿನ ನಕಲೊಂದು ಹೊರಗೆ ಇರದೆ ತಾವು ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದರು. ಆ ಕ್ಷಣಕ್ಕೆ ನನಗೆ ಸಿಟ್ಟು ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಕ್ಯಾಬಿನೆಟ್ ಹೊತ್ತು ಎರಡು ಮಹಡಿ ಹತ್ತಿದವನಿಗೆ ಆ ಮಾತು ರುಚಿಸುವಂಥದ್ದಾಗಿರಲಿಲ್ಲ. ಕೊನೆಗೆ ಅವರ ಬಳಿಯೇ ಒಂದು ಯುಎಸ್‌ಬಿ ಡಿಸ್ಕು ಕೊಂಡು ಅಲ್ಲಿಯೇ ನಕಲು ಮಾಡಿಸಿದೆ, ಸುಮಾರು 1.6 ಟಿಬಿ ನಕಲಾಗಲು ನಾಲ್ಕೂವರೆ ಗಂಟೆ ಹಿಡಿಯಿತು.

ನಕಲು ನಡೆಯುತ್ತಿದ್ದಾಗಲೇ ಹುಡುಗನು ರೋಗ ಯಾವುದರದ್ದೆಂದು ತೋರಿಸಿದನು. ಜೋಡಿಯ ಸ್ಥಿತಿಯನ್ನು ತೋರಿಸುವ ಸಾಲಿನಲ್ಲಿ ಚೌಕ ಆವರಣದೊಳಗೆ ಎರಡು ಯು ಅಕ್ಷರಗಳು ಇರಬೇಕಾದಲ್ಲಿ ಒಂದೇ ಯು ಇದ್ದು, ಪಕ್ಕದಲ್ಲಿ ಒಂದು ಅಡಿಗೆರೆ ಇತ್ತು. ನಮ್ಮ ಇಪ್ಪತ್ತೆರಡು ವರ್ಷದ ಕೆಲಸದ ಅರ್ಧ ಭದ್ರತೆ ಹೋಯಿತೆನ್ನುವುದಕ್ಕೆ ಲಿನಕ್ಸ್ ಬಳಸುವ ಗುರುತು ಅಷ್ಟೇ. ಅನಂತರ ಸ್ಮಾರ್ಟ್ ದಾಖಲೆಯನ್ನು ತೆಗೆದನು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಅದನ್ನು ಸ್ಮಾರ್ಟ್‌ಸಿಟಿಎಲ್ ಎಂಬ ಉಚಿತ ಸಾಧನದಿಂದ ಓದಬಹುದು. ಅದರಲ್ಲಿ 5 ಎಂಬ ಸಂಖ್ಯೆಯ ಸಾಲು, ಕೆಟ್ಟುಹೋದ್ದರಿಂದ ಮೀಸಲು ಜಾಗಕ್ಕೆ ಸ್ಥಳಾಂತರಿಸಿದ ಸೆಕ್ಟರುಗಳ, ಎಂದರೆ ಡಿಸ್ಕಿನ ಸಣ್ಣ ಸಣ್ಣ ಖಾನೆಗಳ, ಲೆಕ್ಕ. 197ನೆಯದು, ಓದಲು ಬಾರದೆ ತೀರ್ಮಾನಕ್ಕಾಗಿ ಕಾದಿರುವ ಸೆಕ್ಟರುಗಳ ಲೆಕ್ಕ. ನಮ್ಮ ಡಿಸ್ಕಿನಲ್ಲಿ ಎರಡೂ ನೂರರ ಗಡಿ ದಾಟಿದ್ದವು, ಜೊತೆಗಾರನಲ್ಲಿ ಎರಡೂ ಸೊನ್ನೆ. ಅವನು ಅಷ್ಟಕ್ಕೇ ನಿಲ್ಲಿಸದೆ 199ನೆಯ ಸಾಲನ್ನೂ ನೋಡಿದ್ದು ನನಗೆ ಹಿಡಿಸಿತು. ಅದು ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ಸಾಗಣೆಯಲ್ಲಿ ಆದ ದೋಷಗಳ ಲೆಕ್ಕ. ಮಿಕ್ಕದ್ದೆಲ್ಲ ಸರಿಯಿದ್ದು ಅದೊಂದೇ ಏರುತ್ತಿದ್ದರೆ ಬಹುಮಟ್ಟಿಗೆ ಕೆಟ್ಟಿರುವುದು ಕೇಬಲ್ಲು, ಆಗ ಸಾವಿರಾರು ರೂಪಾಯಿಯ ಡಿಸ್ಕನ್ನು ಬಿಸಾಡುವ ಬದಲು ಒಂದು ಹೊಸ ಕೇಬಲ್ಲು ಹಾಕಿದರೆ ಸಾಕು. ಡಿಸ್ಕು ಮಾರಿ ಬದುಕುವ ಅಂಗಡಿಯವರು ಇದನ್ನು ತಾವಾಗಿಯೇ ನೋಡಿದರೆಂಬುದು ಸಣ್ಣ ಸಂಗತಿಯಲ್ಲ. ನಮ್ಮದರಲ್ಲಿ ಅದು ಸೊನ್ನೆಯೇ ಇತ್ತು. ಡಿಸ್ಕು ಕೆಟ್ಟದ್ದು ಖಾತ್ರಿಯಾಯಿತು.

ಇನ್ನು ಗುರುತಿಸುವ ಕೆಲಸ. ಲಿನಕ್ಸ್ ಡಿಸ್ಕುಗಳನ್ನು ಎಸ್‌ಡಿಎ, ಎಸ್‌ಡಿಬಿ ಎಂದು ಕರೆಯುತ್ತದೆ. ಈ ಹೆಸರುಗಳು ಯಂತ್ರ ಶುರುವಾಗುವಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಅದರ ಮೇಲೆ ಅಂಟಿಸಿದವಾದ್ದರಿಂದ ಮುಂದಿನ ಸಲ ಅದಲುಬದಲಾಗಬಹುದು. ಕ್ಯಾಬಿನೆಟ್ಟಿನಲ್ಲಿ ಮೇಲಿರುವುದು ಯಾವುದು, ಕೆಳಗಿರುವುದು ಯಾವುದು ಎಂಬುದಕ್ಕಂತೂ ಅವುಗಳಿಗೆ ಸಂಬಂಧವೇ ಇಲ್ಲ. ಬದಲಾಗದೆ ಇರುವುದು ತಯಾರಕರು ಕೊಟ್ಟ ಸೀರಿಯಲ್ ನಂಬರ್ ಒಂದೇ. ಅದು ಡಿಸ್ಕಿನ ಮೇಲಿನ ಚೀಟಿಯಲ್ಲೂ ಇರುತ್ತದೆ, ಒಳಗಿನ ಚಿಪ್ಪಿನಲ್ಲೂ ಇರುತ್ತದೆ. ಹುಡುಗನು ತೆರೆಯ ಮೇಲೆ ಎರಡೂ ನಂಬರುಗಳನ್ನು ತೆಗೆದು, ಎರಡು ತುಂಡು ಪಟ್ಟಿಯ ಮೇಲೆ ಬರೆದು, 418ರಲ್ಲಿ ಮುಗಿಯುವುದರ ಪಕ್ಕ ‘ಕೆಟ್ಟದ್ದು’ ಎಂದೂ, 461ರಲ್ಲಿ ಮುಗಿಯುವುದರ ಪಕ್ಕ ‘ಮುಟ್ಟಬಾರದು’ ಎಂದೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಮಾಲೀಕರನ್ನು ಕರೆದು ಅವರಿಂದಲೂ ಗಟ್ಟಿಯಾಗಿ ಓದಿಸಿದನು. ನಮ್ಮಲ್ಲಿ ಕರಡು ತಿದ್ದುವಾಗ ಅಂಕಿಗಳನ್ನು ಒಬ್ಬರು ಓದಿ ಇನ್ನೊಬ್ಬರು ನೋಡುವ ಪದ್ಧತಿ ಇದೆ, ಇದು ಅದೇ.

ಅದಾದ ಮೇಲೆ ಎಂಡಿಎಡಿಎಂ ಎಂಬ ಸಾಧನದ ಮೂಲಕ ಆ ಡಿಸ್ಕು ವಿಫಲವೆಂದು ಮೊದಲು ಘೋಷಿಸಿ, ಬಳಿಕ ಜೋಡಿಯಿಂದ ಕೈಬಿಡಬೇಕೆಂದು ಯಂತ್ರಕ್ಕೆ ತಿಳಿಸಿದನು. ಹೀಗೆ ಹೇಳದೆ ಕಿತ್ತರೂ ಬಹುಪಾಲು ಸಲ ಏನೂ ಆಗುವುದಿಲ್ಲವಂತೆ, ಹೇಳಿ ತೆಗೆಯುವುದು ಮರ್ಯಾದೆ ಎಂದು ಮಾಲೀಕರು ನಕ್ಕರು. ಯಂತ್ರವನ್ನು ಪೂರ್ತಿ ಆರಿಸಿ, ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ಚೂರುಪಾರು ವಿದ್ಯುತ್ತನ್ನೂ ಹೊರಹಾಕಿದರು. ಸರ್ವರುಗಳಲ್ಲಿ ಓಡುತ್ತಿರುವಾಗಲೇ ಡಿಸ್ಕು ತೆಗೆಯುವುದನ್ನು ನೋಡಿದ್ದೇನಲ್ಲ ಎಂದು ಕೇಳಿದೆ. ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ಸಾಟಾ ಜೋಡಣೆಯಲ್ಲಿಯೂ ಅದಕ್ಕೆ ಅವಕಾಶವಿದೆ, ಆದರೆ ಮದರ್‌ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್‌ನಲ್ಲಿ ಅದನ್ನು ಒಪ್ಪಿಸಿರಬೇಕು, ಯಂತ್ರಕ್ಕೆ ಮೊದಲೇ ಹೇಳಿ ಡಿಸ್ಕಿನ ಓಟ ನಿಲ್ಲಿಸಿರಬೇಕು, ಮುಖ್ಯವಾಗಿ ತಂತಿಗಳ ನಡುವೆ ಕೈತೂರಿಸುವಾಗ ಪಕ್ಕದ ಡಿಸ್ಕಿನ ಕೇಬಲ್ಲು ಅಲುಗದಿರಬೇಕು. ಒಂದು ಗಂಟೆ ಯಂತ್ರ ನಿಲ್ಲಿಸಲಾಗದ ಕಚೇರಿ ನಿಮ್ಮದಲ್ಲ ಎಂದು ಉತ್ತರ ಬಂತು. ನಿಮಿಷಕ್ಕೆ 7200 ಸುತ್ತಿನ ಡಿಸ್ಕಿನ ತಟ್ಟೆ ಸೆಕೆಂಡಿಗೆ 120 ಸಲ ತಿರುಗುತ್ತಿರುತ್ತದೆ. ಕರೆಂಟು ನಿಂತ ಮೇಲೂ ಅದು ಬುಗುರಿಯಂತೆ ಇನ್ನೂ ಸ್ವಲ್ಪ ಹೊತ್ತು ಸುತ್ತುವುದರಿಂದ ಕಾಲು ನಿಮಿಷವಾದರೂ ಕಾದು ಕೈ ಹಾಕಬೇಕು ಎಂಬುದು ಅವರ ನಿಯಮ.

ನಮ್ಮ ಕ್ಯಾಬಿನೆಟ್ಟಿನಲ್ಲಿ ಎರಡೂ ಡಿಸ್ಕುಗಳ ಚೀಟಿ ಕಾಣದಂತೆ ಕೂತಿದ್ದವು. ಹುಡುಗನು ಮೊಬೈಲಿನಲ್ಲಿ ತಂತಿಗಳ ಚಿತ್ರ ತೆಗೆದುಕೊಂಡು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೇಲಿನ ಡಿಸ್ಕನ್ನು ಎರಡು ಬೆರಳಷ್ಟು ಹೊರಗೆ ಜಾರಿಸಿ ನೋಡಿದರೆ ಅದೇ 418. ನಾನು ಕೆಳಗಿನದೆಂದು ಪಂದ್ಯ ಕಟ್ಟಲು ಸಿದ್ಧನಿದ್ದೆ. ಸಾಟಾ ಕೇಬಲ್ಲಿನ ತುದಿಯಲ್ಲಿರುವ ಸಣ್ಣ ಲೋಹದ ಕೊಂಡಿಯನ್ನು ಹೆಬ್ಬೆರಳಿನಿಂದ ಅದುಮಿ, ತಂತಿಯನ್ನು ಹಿಡಿಯದೆ ಪ್ಲಗ್ಗನ್ನೇ ಹಿಡಿದು, ಅತ್ತಿತ್ತ ಅಲ್ಲಾಡಿಸದೆ ನೇರವಾಗಿ ಎಳೆದನು. ಒಳಗಿರುವ ಎಲ್ ಆಕಾರದ ಪ್ಲಾಸ್ಟಿಕ್ ನಾಲಿಗೆ ತೀರಾ ತೆಳು; ಅಡ್ಡಕ್ಕೆ ಎಳೆದರೆ ಅದು ಮುರಿದು ಪ್ಲಗ್ಗಿನೊಳಗೇ ಉಳಿದುಬಿಡುತ್ತದೆ. ಕೆಟ್ಟ ಡಿಸ್ಕಿನದ್ದಾದರೆ ಹೋಗಲಿ ಎನ್ನಬಹುದು, ಒಳ್ಳೆಯದರದ್ದು ಹಾಗಾದರೆ ಗತಿಯೇನು?

ಕೆಟ್ಟದ್ದನ್ನು ತೆಗೆದ ಕೂಡಲೇ ಅವರು ಹೊಸದನ್ನು ಹಾಕಲಿಲ್ಲ. ಆ ಜಾಗ ಖಾಲಿಯಿರುವಂತೆಯೇ, ಒಂದೇ ಡಿಸ್ಕಿನಲ್ಲಿ ಯಂತ್ರವನ್ನು ಎಬ್ಬಿಸಿ, ನಿನ್ನೆ ಸಂಜೆ ಕೊನೆಗೆ ಕೆಲಸ ಮಾಡಿದ ಕಡತ ಯಾವುದೋ ಅದನ್ನು ತೆರೆದು ನೋಡಿ ಎಂದರು. ತೆರೆದೆ. ಹಿಂದಿನ ಸಂಜೆ ಏಳು ಗಂಟೆಗೆ ತಿದ್ದಿದ್ದ ಪುಟದಲ್ಲಿ ಒತ್ತಕ್ಷರವೊಂದನ್ನು ಸರಿಪಡಿಸಿದ್ದು ನೆನಪಿತ್ತು. ಅದು ಸರಿಯಾಗಿಯೇ ಇತ್ತು. ಮೂರು ವರ್ಷದ ಹಿಂದೆ ಈ ಎರಡು ನಿಮಿಷದ ಪರೀಕ್ಷೆಯೊಂದನ್ನು ಯಾರಾದರೂ ಮಾಡಿಸಿದ್ದರೆ ಆ ಆರು ಅಧ್ಯಾಯಗಳು ಉಳಿಯುತ್ತಿದ್ದವು, ತಪ್ಪಾಗಿ ತೆಗೆದ ಡಿಸ್ಕು ಇನ್ನೂ ಮೇಜಿನ ಮೇಲೆಯೇ ಇರುತ್ತಿತ್ತು. ಈ ಅಂಗಡಿಗೆ ನಾನು ಕೊಡುವ ಮೆಚ್ಚುಗೆಯಲ್ಲಿ ಮುಕ್ಕಾಲು ಪಾಲು ಈ ಒಂದು ಹೆಜ್ಜೆಗೆ.

ಹೊಸ ಡಿಸ್ಕಿನ ಆಯ್ಕೆಯಲ್ಲೂ ಅವರ ಸಲಹೆ ಸರಿಯಾಗಿತ್ತು. ಒಂದೇ 4 ಟಿಬಿ ಎಂದು ಬರೆದಿದ್ದರೂ, ಪಕ್ಕಪಕ್ಕದ ಗೆರೆಗಳನ್ನು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಒರಗಿಸಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕುಗಳು ಒಂದೇ ಸಮನೆ ಬರೆಯಬೇಕಾದಾಗ ತೀರಾ ನಿಧಾನವಾಗುವುದರಿಂದ, ಇಂಥ ಜೋಡಿಗೆ ಗೆರೆಗಳನ್ನು ಹಾಗೆ ಒರಗಿಸದೆ ಬರೆಯುವ ಸಿಎಂಆರ್ ಬಗೆಯದೇ ಆಗಬೇಕೆಂದು ತರಿಸಿಕೊಟ್ಟರು. ನಕಲು ರಾತ್ರಿಯಿಡೀ ನಡೆದು ಸುಮಾರು ಎಂಟು ಗಂಟೆಯಲ್ಲಿ ಮುಗಿಯಿತು. ಮರುದಿನ ಹೋದಾಗ ಆವರಣದಲ್ಲಿ ಎರಡು ಯು ಇದ್ದವು.

ಇನ್ನು ಕೊರತೆಗಳು. ಮೊದಲನೆಯದು ಗಂಭೀರವಾದದ್ದು: ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರನ್ನು ಹೊಸ ಡಿಸ್ಕಿನ ಮೇಲೆ ಹಾಕಿರಲಿಲ್ಲ. ಕನ್ನಡಿ ಜೋಡಿಯ ನಕಲಿನಲ್ಲಿ ಅದು ತಾನಾಗಿ ಬರುವಂಥದ್ದಲ್ಲ. ಮುಂದೊಂದು ದಿನ ಹಳೆಯ ಡಿಸ್ಕು ಕೆಟ್ಟರೆ ಮಾಹಿತಿಯೆಲ್ಲ ಇದ್ದೂ ಯಂತ್ರ ಏಳುತ್ತಿರಲಿಲ್ಲ. ನಾನು ಕೇಳಿದ ಮೇಲೆ ಹುಡುಗನು ನಾಲಿಗೆ ಕಚ್ಚಿಕೊಂಡು ಹಾಕಿಕೊಟ್ಟನು. ಕೇಳದವರಿಗೆ? ಎರಡನೆಯದು, ಡಿಸ್ಕಿನ ಸ್ಕ್ರೂಗಳಿಗೆ ಇದ್ದ ನಾಲ್ಕು ರಬ್ಬರ್ ಬಿಲ್ಲೆಗಳಲ್ಲಿ ಎರಡನ್ನು ಮರಳಿ ಹಾಕಿರಲಿಲ್ಲ, ಕಚೇರಿಗೆ ತಂದ ಮೇಲೆ ಇಡೀ ಕ್ಯಾಬಿನೆಟ್ಟು ಗುಂಯ್ ಎನ್ನತೊಡಗಿತು. ಫೋನು ಮಾಡಿದರೆ ಎತ್ತುವುದಿಲ್ಲವಾದ್ದರಿಂದ ಆ ಎರಡು ಬಿಲ್ಲೆಗಾಗಿ ಮತ್ತೆ ಎರಡು ಮಹಡಿ ಹತ್ತಬೇಕಾಯಿತು. ಸ್ಥಾಯೀ ವಿದ್ಯುತ್ತಿನ ರಕ್ಷಣೆಗೆ ಕೈಪಟ್ಟಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು, ಯಾರ ಕೈಗೂ ಬರಲಿಲ್ಲ. ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಬೇಕು.

ದರದ ಬಗ್ಗೆ ದೂರಿಲ್ಲ. ಪರೀಕ್ಷೆಗೆ 350, ತೆಗೆದು ಹಾಕಿ ಜೋಡಿ ಸರಿಪಡಿಸಿದ್ದಕ್ಕೆ 1,500 ರೂಪಾಯಿ; ಡಿಸ್ಕುಗಳ ಬೆಲೆ ಬೇರೆ. ಹಿಂದಿನ ಸಲ 20 ನಿಮಿಷದ ಕೆಲಸಕ್ಕೆ ನಾನು ಕೊಟ್ಟದ್ದು 600.

ನಾನು ಕಾದಿದ್ದಾಗ ಬಂದ ಒಬ್ಬರ ಲ್ಯಾಪ್‌ಟಾಪಿನಲ್ಲಿ ಕೆಟ್ಟದ್ದು ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ, ಕಡ್ಡಿಯಂತೆ ಮಲಗಿಸಿ ಒಂದೇ ಸ್ಕ್ರೂ ಹಾಕಿರುವ ಎಂ.2 ಬಗೆಯದು. ಅದಕ್ಕೂ ಕೈ ಹಾಕುವ ಮೊದಲು ಬ್ಯಾಟರಿಯ ಜೋಡಣೆಯನ್ನು ಬಿಡಿಸಿದರು, ವಿಂಡೋಸ್‌ನ ಬಿಟ್‌ಲಾಕರ್ ಬೀಗದ ಕೀಲಿ ನಿಮ್ಮ ಬಳಿ ಇದೆಯೇ ಎಂದು ವಿಚಾರಿಸಿದರು. ಅವರಿಗೆ ಅಂಥದ್ದೊಂದು ಇದೆಯೆಂಬುದೇ ಗೊತ್ತಿರಲಿಲ್ಲ. ಕೀಲಿ ಸಿಗದಿದ್ದರೆ ಎಸ್‌ಎಸ್‌ಡಿಯನ್ನು ಬೇರೆ ಯಂತ್ರಕ್ಕೆ ಹಾಕಿದರೂ ಒಂದಕ್ಷರ ಓದಲಾಗದು ಎಂದು ತಿಳಿಸಿ ಅವರನ್ನು ಕೀಲಿ ಹುಡುಕಲು ಮನೆಗೆ ಕಳಿಸಿದರು. ಹಾರ್ಡ್ ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದಂತೆ ಹೌದೇ ಎಂದು ಇನ್ನೊಬ್ಬರು ಕೇಳಿದ್ದಕ್ಕೆ, ಹೊರತೆಗೆದಾಗ ಒಳಗೆ ಹನಿ ಕಟ್ಟಿ ಉಳಿದದ್ದೂ ಹೋಗುತ್ತದೆ ಎಂದು ಗದರಿಸಿಯೇ ಕಳಿಸಿದರು.

ತೆಗೆದ ಡಿಸ್ಕನ್ನು ನಾನು ಕೇಳುವ ಮೊದಲೇ ಸ್ಥಾಯೀ ವಿದ್ಯುತ್ತನ್ನು ತಡೆಯುವ ಬೆಳ್ಳಿ ಬಣ್ಣದ ಚೀಲದಲ್ಲಿ ಹಾಕಿ, ತಾರೀಖಿನ ಸಮೇತ ಕೈಗೆ ಕೊಟ್ಟರು. ಇದನ್ನು ಹೇಳಲೇಬೇಕು, ಏಕೆಂದರೆ ಕನ್ನಡಿ ಜೋಡಿಯ ಒಂದೊಂದು ಡಿಸ್ಕಿನಲ್ಲೂ ಪೂರ್ತಿ ಮಾಹಿತಿ ಇರುತ್ತದೆ. ಕೆಲವು ಸೆಕ್ಟರು ಕೆಟ್ಟದ್ದೆಂದು ಗುಜರಿಗೆ ಹಾಕಿದ ಡಿಸ್ಕಿನಿಂದ ಇನ್ನೂ ಅಚ್ಚಾಗದ ಹಸ್ತಪ್ರತಿಗಳನ್ನು ಯಾರಾದರೂ ಓದಿಕೊಳ್ಳಬಹುದು. ವಾರಂಟಿ ಮುಗಿದಿದ್ದರಿಂದ ಅದನ್ನು ಕಂಪನಿಗೆ ಹಿಂದಿರುಗಿಸುವ ಪ್ರಶ್ನೆ ಬರಲಿಲ್ಲ. ಮರುಬಳಕೆಗೆ ಕೊಡುವ ಮೊದಲು ತಟ್ಟೆಗಳ ಮೂಲಕ ಹಾದುಹೋಗುವಂತೆ ಮೂರು ಕಡೆ ತೂತು ಕೊರೆಸಿ, 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತ ಸಂಸ್ಥೆಗೇ ಕೊಡಿ ಎಂದರು. ಕೊರೆಯುವ ಯಂತ್ರ ಅವರಲ್ಲಿಲ್ಲ. ಕೆಳಗಿನ ಮಹಡಿಯವರು 50 ರೂಪಾಯಿಗೆ ಮಾಡಿಕೊಟ್ಟರು.

ಹೋಗುವವರು ಭಾನುವಾರ ಬಿಟ್ಟು ಬೆಳಿಗ್ಗೆ 11ರ ಒಳಗೆ ಹೋಗುವುದು ಒಳ್ಳೆಯದು, ಆಮೇಲೆ ಮೆಟ್ಟಿಲ ಮೇಲೂ ಸಾಲು ನಿಂತಿರುತ್ತದೆ. ಕಾರು ನಿಲ್ಲಿಸಲು ಆ ರಸ್ತೆಯಲ್ಲಿ ಜಾಗ ಸಿಗುವುದಿಲ್ಲ. ಡಿಸ್ಕುಗಳ ಸೀರಿಯಲ್ ನಂಬರುಗಳನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದುಕೊಂಡು, ಇತ್ತೀಚಿನ ಬ್ಯಾಕಪ್ ಮಾಡಿಕೊಂಡೇ ಹೋದರೆ ನನ್ನಂತೆ ನಾಲ್ಕೂವರೆ ಗಂಟೆ ಸ್ಟೂಲಿನ ಮೇಲೆ ಕೂರಬೇಕಾಗುವುದಿಲ್ಲ. ಹೊರಡುವ ಮುನ್ನ ಬೂಟ್‌ಲೋಡರನ್ನೂ, ರಬ್ಬರ್ ಬಿಲ್ಲೆಗಳನ್ನೂ ಕೇಳಿ ನೋಡಿಕೊಳ್ಳಿ.